ಗಾಳ ಹಾಕೂ ಮುಂಚೆ

ಮಿರಗದ ಮಳೆ ಬಿದ್ದು ಕೃಷ್ಣಾ ಹೊಳೆಗೆ ಕೆಂಪು ನೀರು ಬಂತೆಂದರೆ ನಮ್ಮ ಸಾವಳಗಿ ಕಡೆಯ ಹುಡುಗರ ಕೈ ಗಾಳಕ್ಕೆ ಹೋಗುತ್ತದೆ. ತಮ್ಮಾ, ಸ್ವಲ್ಪ ತಡಿ. ಹೊಸ ನೀರಿಗೆ ಎದುರು ಈಜಿ ಬರುವ ಮೀನಿನ ಹೊಟ್ಟೆ ಒಮ್ಮೆ ಮುಟ್ಟಿ ನೋಡು: ಮೆತ್ತಗೆ, ಉಬ್ಬಿ, ತುಸು ಒತ್ತಿದರೆ ರಾಗಿಯಂಥ ಮೊಟ್ಟೆ ಹೊರಬರುತ್ತವೆ. ರೋಹು, ಕಾಟ್ಲಾಗಳ ಒಂದು ದೊಡ್ಡ ತಾಯಿಮೀನಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ. ಅದನ್ನು ಹಿಡಿದು ಒಂದು ಹೊತ್ತಿನ ಸಾರು ಮಾಡುವುದು ನನಗಂತೂ ದಡ್ಡತನ ಅನಿಸುತ್ತದೆ.

ಕೆರೆಯಾದರೆ ಮೊದಲು ಗುತ್ತಿಗೆ ಯಾರದೆಂದು ಕೇಳು. ದುಡ್ಡು ಕೊಟ್ಟು ಮರಿ ಬಿಟ್ಟವರ ಮೀನು ಅದು. ಹೊಳೆಗೆ ಬಲೆ ಬಿಡುವುದಾದರೆ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಇರಲಿ. ಅದನ್ನು ಕೇಳುವ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ನಮ್ಮ ರಾಜ್ಯದ್ದೇ. ಮಳೆಗಾಲದ ನಿರ್ಬಂಧವನ್ನೂ ಇಲಾಖೆಯಲ್ಲೇ ವಿಚಾರಿಸು.

ಇನ್ನು ಮದ್ದು ಸಿಡಿಸುವುದು, ವಿಷ ಹಾಕುವುದು? 1897ರ ಬ್ರಿಟಿಷ್ ಕಾಯ್ದೆಯೇ ಅದನ್ನು ಅಪರಾಧ ಅಂದಿತ್ತು. ಅದೇ ನೀರನ್ನು ದನ ಕುಡಿಯುತ್ತವೆ, ಕಬ್ಬಿಗೂ ಹೋಗುತ್ತದೆ. ರೈತರು ತಾವೇ ದುಡ್ಡು ಹಾಕಿ, ಬೆವರು ಸುರಿಸಿ 1989ರಲ್ಲಿ ಈ ಹೊಳೆಗೆ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜಿನ ನೀರು, ಮರೀಬೇಡ.

ಹಾಂ, ಕೃಷ್ಣೆಯ ದಂಡೆಯಲ್ಲಿ ಸಂಜೆ ಮೊಣಕಾಲುದ್ದ ನೀರಿಗೆ ಇಳಿಯಬೇಡ. ಅಲ್ಲಿ ಮೊಸಳೆ ಇವೆ, ಅವಕ್ಕೆ ಲೈಸೆನ್ಸ್ ಬೇಕಿಲ್ಲ.