ಅಂಗಡಿ ಲೆಕ್ಕ ಕಂಪ್ಯೂಟರಿಗೆ ಹಾಕುವ ಮುಂಚೆ ಪಹಣಿ ನೋಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರು ಅಡಿಕೆ, ಕಾಫಿ, ಮೆಣಸು, ಭತ್ತ ಬೆಳೀತಾರೆ. ರಾಗಿ, ಹುರುಳಿ, ತೊಗರಿ, ಅವರೆ ಬೇಕಾದರೆ ಬಯಲುಸೀಮೆ ಕಡೆ ನೋಡಬೇಕು. ನಮ್ಮದು ಕಡೂರು ಕಡೆಯ ಖುಷ್ಕಿ ಜಮೀನು. ಮಳೆ ಹದವಾಗಿ ಬಂದರೆ ರಾಗಿ, ತಡವಾದರೆ ಹುರುಳಿ. ದಲ್ಲಾಳಿಗೆ ಕೊಡುವ ಬದಲು ಇಪ್ಪತ್ತಮೂರು ಮನೆಯವರು ಸೇರಿ ಕೊಪ್ಪದಲ್ಲಿ ಒಂದು ಮಳಿಗೆ ಹಿಡಿದು ಕಾಳುಕಡ್ಡಿ ಮಾರೋಕೆ ಶುರು ಮಾಡಿದೆವು. ವ್ಯಾಪಾರ ಕುದುರಿತು. ಆಮೇಲೆ ಶೃಂಗೇರಿಯಲ್ಲೊಂದು, ನರಸಿಂಹರಾಜಪುರದಲ್ಲೊಂದು ಅಂಗಡಿ ಆಯಿತು. ಅಂಗಡಿ ಮೂರು ಪಟ್ಟಾದರೆ ಲೆಕ್ಕದ ತಲೆನೋವು ಹತ್ತು ಪಟ್ಟು.

ಮೊದಲಿದ್ದದ್ದು ಒಂದೇ ಉದ್ದ ಪುಸ್ತಕ. ತಾರೀಖು, ಗಿರಾಕಿ ಹೆಸರು, ಊರು, ಫೋನು, ಸಾಮಾನು, ತೂಕ, ದರ, ಮೊತ್ತ, ಕೊಟ್ಟದ್ದು, ಬಾಕಿ ಎಲ್ಲಾ ಒಂದೇ ಸಾಲಿನಲ್ಲಿ. ದಿನಕ್ಕೆ ಹದಿನೈದು ಗಿರಾಕಿ ಬರುವ ಅಂಗಡಿಗೆ ಇದಕ್ಕಿಂತ ಒಳ್ಳೇ ಲೆಕ್ಕ ಇಲ್ಲ, ಅಂಥವರು ಕಂಪ್ಯೂಟರ್ ತರೋಕೆ ಅವಸರ ಮಾಡೋದು ಬೇಡ. ಆದರೆ ಮಲೆನಾಡಿನಲ್ಲಿ ಉದ್ರಿ ಇಲ್ಲದೆ ವ್ಯಾಪಾರ ಇಲ್ಲ. ಮಳೆಗಾಲದಲ್ಲಿ ಒಯ್ದ ಕಾಳಿನ ದುಡ್ಡು ಅಡಿಕೆ ಸುಲಿದು ಮಾರಿದ ಮೇಲೆ ಬರುತ್ತೆ. ಕೊಪ್ಪದಲ್ಲಿ ಒಯ್ದವರು ಶೃಂಗೇರಿಯಲ್ಲಿ ಕಟ್ಟುವುದೂ ಉಂಟು. ಒಬ್ಬ ಅಜ್ಜಿ ಹಾಗೆ 1,840 ರೂಪಾಯಿ ಶೃಂಗೇರಿಯಲ್ಲಿ ಕಟ್ಟಿದ್ದರು. ಕೊಪ್ಪದ ಪುಸ್ತಕದಲ್ಲಿ ಬಾಕಿ ಹಾಗೇ ಇತ್ತು. ನಾಲ್ಕು ಜನರ ಎದುರು ಬಾಕಿ ಕೇಳಿಸಿಕೊಂಡಾಗ ಚೀಟಿ ತೆಗೆದು ಗಲ್ಲಾಪೆಟ್ಟಿಗೆ ಮೇಲಿಟ್ಟು, "ನನ್ನ ಹೆಸ್ರು ಎರಡು ಕಡೆ ಬರ್ದಿದೀರಿ, ದುಡ್ಡು ಒಂದೇ ಕಡೆ ಬರ್ದಿದೀರಿ" ಅಂದರು. ಉದ್ರಿ ಕೊಡುವ ಅಂಗಡಿಗೆ ನಂಬಿಕೆ ಹೋದರೆ ಉಳಿಯುವುದು ತಕ್ಕಡಿ ಮಾತ್ರ.

ತಮ್ಮನ ಮಗಳು ಕಂಪ್ಯೂಟರ್ ಓದಿದವಳು. "ದೊಡ್ಡಪ್ಪ, ಈಗಲೇ ಕಂಪ್ಯೂಟರ್ ಬೇಡ, ಒಂದು ಪೆನ್ಸಿಲ್, ನಾಲ್ಕು ಹಾಳೆ ಕೊಡಿ" ಅಂದಳು. ನಮಗೆ ಬೇಕಾದ್ದು ರಿಲೇಷನಲ್ ಡೇಟಾಬೇಸ್ ಅಂತೆ. ಏಳನೇ ಕ್ಲಾಸಿನವನಿಗೆ ತಿಳಿಯೋ ಹಾಗೆ ಹೇಳು ಅಂದೆ. ಅವಳು ತಂದು ಮುಂದಿಟ್ಟದ್ದು ನಮ್ಮ ಜಮೀನಿನ ಪಹಣಿ.

ನೀವೂ ನಿಮ್ಮ ಪಹಣಿ ಕೈಗೆ ತಗೊಳ್ಳಿ. ಮೇಲೆ ಸರ್ವೆ ನಂಬರ್, ಹಿಸ್ಸಾ ನಂಬರ್ ಇದೆ. ಸರ್ವೆ ನಂಬರ್ 45 ನಮ್ಮೂರಲ್ಲೂ ಇದೆ, ಪಕ್ಕದೂರಲ್ಲೂ ಇದೆ. ಆದರೆ ಗ್ರಾಮದ ಹೆಸರು, ಸರ್ವೆ ನಂಬರ್, ಹಿಸ್ಸಾ ಮೂರೂ ಸೇರಿದರೆ ಇಡೀ ಹೋಬಳಿಯಲ್ಲಿ ಅಂಥ ಜಮೀನು ಇನ್ನೊಂದಿಲ್ಲ. ಇದಕ್ಕೆ ಡೇಟಾಬೇಸಿನವರು 'ಕೀ' ಅಂತಾರೆ. ಇನ್ನು ಕಲಂ 9ರಲ್ಲಿ ಸ್ವಾಧೀನದಾರನ ಹೆಸರು. ಅದು ಅವನಿಗೆ ಹೇಗೆ ಬಂತು ಅನ್ನೋದಕ್ಕೆ ಕಲಂ 10. ಅಲ್ಲಿ ಅಪ್ಪ ತೀರಿಕೊಂಡದ್ದು, ಅಣ್ಣತಮ್ಮ ಪಾಲಾದದ್ದು ಕಥೆಯಾಗಿ ಬರೆದಿರೋದಿಲ್ಲ. ಎಂ.ಆರ್. ನಂಬರ್, ವರ್ಷ, ಅಷ್ಟೇ. ಪೂರ್ತಿ ವಿವರ ಮ್ಯುಟೇಷನ್ ರಿಜಿಸ್ಟರಿನಲ್ಲಿ ಒಂದೇ ಕಡೆ ಇದೆ. ಬೇಕಾದವರು ಆ ನಂಬರ್ ಹಿಡಿದು ಅಲ್ಲಿಗೆ ಹೋಗಬೇಕು. ಒಂದು ಪುಸ್ತಕದ ನಂಬರನ್ನು ಇನ್ನೊಂದು ಪುಸ್ತಕದಲ್ಲಿ ಗುರುತಿಗೆ ಬರೆದುಕೊಳ್ಳುವುದಕ್ಕೆ 'ಫಾರಿನ್ ಕೀ' ಅಂತ ಹೆಸರು. ಶಾನುಭೋಗರ ಕಾಲದಿಂದ ನಾವು ನೋಡುತ್ತಿರುವ ಪದ್ಧತಿಗೆ ಫಾರಿನ್ ಅನ್ನುವ ಹೆಸರು ಯಾಕೋ!

ಕಂಪ್ಯೂಟರಿಗೆ ಇದನ್ನು ಶಾಸ್ತ್ರ ಮಾಡಿಕೊಟ್ಟವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. 1970ರಲ್ಲಿ ಅವರ ಲೇಖನ ಬಂತು. ಅದಕ್ಕೆ ಮುಂಚೆ ಯಾವ ಮಾಹಿತಿ ಎಲ್ಲಿ ಕೂತಿದೆ, ಯಾವ ದಾರಿಯಲ್ಲಿ ಹೋದರೆ ಸಿಗುತ್ತೆ ಅಂತ ಪ್ರೋಗ್ರಾಂ ಬರೆಯುವವರೇ ಹೇಳಿಕೊಡಬೇಕಿತ್ತು. ಎಲ್ಲವನ್ನೂ ಸಾಲು, ಕಲಂ ಇರುವ ಪಟ್ಟಿಗಳಾಗಿ ಇಟ್ಟು, ಅವುಗಳಲ್ಲಿರುವ ಬೆಲೆಗಳಿಂದಲೇ ಒಂದಕ್ಕೊಂದು ಹೊಂದಿಸಿದರೆ ಸಾಕು ಅಂತ ಅವರು ತೋರಿಸಿದರು. 1981ರಲ್ಲಿ ಅದಕ್ಕೆ ಟ್ಯೂರಿಂಗ್ ಪ್ರಶಸ್ತಿ ಬಂತು. ರಿಲೇಷನ್ ಅಂದರೆ ನೆಂಟಸ್ತನ ಅಂತ ಕೇಳಿಸುತ್ತೆ, ಆದರೆ ಗಣಿತದಲ್ಲಿ ಇಂಥ ಪಟ್ಟಿಗೇ ಆ ಹೆಸರು. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿ ಕಿಟಕಿಯಲ್ಲಿ ಸರ್ವೆ ನಂಬರ್ ಹೇಳಿದರೆ ಸಾಕು, ಪಹಣಿ ಅಚ್ಚಾಗಿ ಬರುತ್ತಿತ್ತು. ಅಷ್ಟು ದೊಡ್ಡದಕ್ಕೆ ನಡೆದ ಕ್ರಮ ಮೂರು ಅಂಗಡಿಗೆ ನಡೆಯದೆ ಇರುತ್ತದೆಯೇ?

ಮೊದಲು ಬರೆಯಬೇಕಾದ್ದು ಪ್ರಶ್ನೆಗಳನ್ನು. ಲೆಕ್ಕದ ಹತ್ತಿರ ನಾವು ಏನು ಕೇಳ್ತೀವಿ? ಈ ಗಿರಾಕಿ ಮೂರೂ ಅಂಗಡಿ ಸೇರಿ ಎಷ್ಟು ಕೊಡಬೇಕು? ಶೃಂಗೇರಿಯಲ್ಲಿ ಹುರುಳಿ ಎಷ್ಟು ಚೀಲ ಉಳಿದಿದೆ? ಯಾವ ರೈತನ ರಾಗಿ ಎಷ್ಟು ಹೋಯಿತು, ಅವನಿಗೆ ಎಷ್ಟು ದುಡ್ಡು? ನಮ್ಮ ಕಷ್ಟ ಇದ್ದದ್ದು ಈ ಮೂರರಲ್ಲಿ. ಉತ್ತರ ಬೇಡದ ವಿಷಯಕ್ಕೆ ಕಲಂ ಮಾಡಬಾರದು. ಗಿರಾಕಿಯ ಹುಟ್ಟಿದ ತಾರೀಖು ಕಟ್ಟಿಕೊಂಡು ಕಾಳು ಅಂಗಡಿಯವರಿಗೆ ಏನಾಗಬೇಕು?

ಆಮೇಲೆ ಹಾಳೆಯ ಮೇಲೆ ಒಂದೊಂದು ವಸ್ತುವಿಗೆ ಒಂದೊಂದು ಪಟ್ಟಿ. ಗಿರಾಕಿಗಳದ್ದು ಒಂದು, ರೈತರದ್ದು ಒಂದು, ಸಾಮಾನಿನದ್ದು ಒಂದು, ಅಂಗಡಿಗಳದ್ದು ಒಂದು. ಗಿರಾಕಿಗೆ ಕೀ ಯಾವುದು? ಹೆಸರು ಆಗುವುದಿಲ್ಲ, ನಮ್ಮ ಪುಸ್ತಕದಲ್ಲೇ ಮಂಜುನಾಥ ಅನ್ನೋರು ಐದು ಜನ. ಫೋನ್ ನಂಬರ್ ಬದಲಾಗುತ್ತೆ, ಮನೆಗೆಲ್ಲ ಒಂದೇ ಫೋನೂ ಇರುತ್ತೆ. ಆದ್ದರಿಂದ ನಾವೇ ಒಂದು ನಂಬರ್ ಕೊಡಬೇಕು, ಸರ್ವೆಯವರು ಕೊಟ್ಟ ಹಾಗೆ. ಗಿರಾಕಿ 37 ಅಂದರೆ ಆ ಅಜ್ಜಿ. ಅವರ ಹೆಸರು, ಊರು, ಫೋನು ಇರುವುದು ಆ ಒಂದು ಸಾಲಿನಲ್ಲಿ ಮಾತ್ರ. ಫೋನ್ ಬದಲಾದರೆ ಒಂದು ಕಡೆ ತಿದ್ದಿದರೆ ಮುಗೀತು.

ಬಿಲ್ಲಿನ ವಿಷಯ ಬಂದಾಗ ನಮಗೆ ಎರಡು ದಿನ ಹಿಡಿಯಿತು. ಒಂದು ಬಿಲ್ಲಿನಲ್ಲಿ ಹಲವು ಸಾಮಾನು ಇರುತ್ತೆ, ಒಂದು ಸಾಮಾನು ನೂರಾರು ಬಿಲ್ಲಿನಲ್ಲಿ ಇರುತ್ತೆ. ಬಿಲ್ಲಿನ ಪಟ್ಟಿಯಲ್ಲಿ ಸಾಮಾನು 1, ಸಾಮಾನು 2, ಸಾಮಾನು 3 ಅಂತ ಕಲಂ ಮಾಡೋಣ ಅಂತ ಒಬ್ಬರ ಸಲಹೆ. ಹಬ್ಬದ ದಿನ ಹನ್ನೆರಡು ಬಗೆ ಒಯ್ಯುವವರು ಬಂದರೆ? ಒಂದೇ ಕಾಳು ಒಯ್ದವರ ಸಾಲಿನಲ್ಲಿ ಹನ್ನೊಂದು ಕಲಂ ಖಾಲಿ. ಮೇಲಾಗಿ ತಿಂಗಳಿಗೆ ಎಷ್ಟು ತೊಗರಿ ಹೋಯಿತು ಅಂತ ಕೇಳಿದರೆ ಹನ್ನೆರಡು ಕಲಮಿನಲ್ಲೂ ಹುಡುಕಬೇಕು. ಅದಕ್ಕೆ ದಾರಿ, ಬಿಲ್ಲಿಗೆ ಎರಡು ಪಟ್ಟಿ. ಮೊದಲನೇದರಲ್ಲಿ ಬಿಲ್ ನಂಬರ್, ತಾರೀಖು, ಗಿರಾಕಿ ನಂಬರ್, ಅಂಗಡಿ. ಎರಡನೇದರಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ಸಾಲು: ಬಿಲ್ ನಂಬರ್, ಸಾಮಾನಿನ ನಂಬರ್, ತೂಕ, ದರ. ಉದಾಹರಣೆಗೆ ಬಿಲ್ 412, ಗಿರಾಕಿ 37. ಅದರ ಕೆಳಗೆ ರಾಗಿ 10 ಕೆಜಿ 48ರಂತೆ, ಹುರುಳಿ 3 ಕೆಜಿ 90ರಂತೆ. ಒಟ್ಟು 750 ರೂಪಾಯಿ. ಎರಡು ಸಾಮಾನಿಗೆ ಎರಡು ಸಾಲು, ಹನ್ನೆರಡಕ್ಕೆ ಹನ್ನೆರಡು.

ದರ ಸಾಮಾನಿನ ಪಟ್ಟಿಯಲ್ಲೇ ಇದೆಯಲ್ಲ, ಬಿಲ್ಲಿನ ಸಾಲಿನಲ್ಲಿ ಮತ್ತೆ ಯಾಕೆ ಅಂತ ನೀವು ಕೇಳಬಹುದು. ಒಂದು ಸಂಗತಿ ಒಂದೇ ಕಡೆ ಅನ್ನುವ ನಿಯಮ ಮುರಿದ ಹಾಗೆ ಕಾಣುತ್ತೆ. ಹಾಗಲ್ಲ. ಸಾಮಾನಿನ ಪಟ್ಟಿಯಲ್ಲಿರೋದು ಇವತ್ತಿನ ದರ, ಬಿಲ್ಲಿನಲ್ಲಿರೋದು ಆವತ್ತು ಮಾರಿದ ದರ. ಎರಡೂ ಬೇರೆ ಸಂಗತಿ. ಬಿಲ್ಲಿನಲ್ಲಿ ಬರೆಯದಿದ್ದರೆ, ರಾಗಿ ದರ ಏರಿಸಿದ ದಿನ ಹೋದ ವರ್ಷದ ಉದ್ರಿಯೂ ಏರಿಬಿಡುತ್ತೆ! ತೆರಿಗೆಗೂ ಇದೇ ಮಾತು. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಚೀಟಿ ಅಂಟಿಸಿದ ಕಾಳಿನ ಪೊಟ್ಟಣಕ್ಕೆ ಶೇಕಡಾ 5 ತೆರಿಗೆ ಹಾಕಿದರು, ಬಿಡಿ ಕಾಳಿಗೆ ಹಾಕಲಿಲ್ಲ. ಹಾಗಾಗಿ ಪೊಟ್ಟಣದ ರಾಗಿ, ಬಿಡಿ ರಾಗಿ ಎರಡು ಬೇರೆ ಸಾಮಾನು, ಎರಡು ನಂಬರ್. ಮಾರಿದ ದಿನದ ತೆರಿಗೆಯೂ ಬಿಲ್ಲಿನ ಸಾಲಿನಲ್ಲೇ ಇರಬೇಕು.

ನಮ್ಮವರು ಒಪ್ಪೋಕೆ ಕಷ್ಟಪಟ್ಟ ಮಾತು ಇನ್ನೊಂದಿದೆ: ಬಾಕಿ ಅನ್ನೋ ಕಲಂ ಎಲ್ಲೂ ಇಲ್ಲ. ಬಿಲ್ಲುಗಳ ಪಟ್ಟಿ ಇದೆ, ಗಿರಾಕಿ ಕಟ್ಟಿದ ದುಡ್ಡಿನ ಪಟ್ಟಿ ಇದೆ. ಬಾಕಿ ಬೇಕಾದಾಗ ಒಂದರ ಮೊತ್ತದಿಂದ ಇನ್ನೊಂದರ ಮೊತ್ತ ಕಳೆಯೋದು ಕಂಪ್ಯೂಟರಿನ ಕೆಲಸ. ಬಾಕಿಯನ್ನೇ ಬರೆದಿಟ್ಟರೆ ಅದು ದಿನಾ ಹಳೆಯದಾಗುತ್ತೆ, ಒಂದು ಕಡೆ ತಿದ್ದಿ ಇನ್ನೊಂದು ಕಡೆ ತಿದ್ದದೆ ಇದ್ದರೆ ಯಾವುದು ನಿಜ ಅಂತ ಹೇಳೋರು ಯಾರು? ಅಜ್ಜಿ ಶೃಂಗೇರಿಯಲ್ಲಿ ಕಟ್ಟಿದ್ದು ದುಡ್ಡಿನ ಪಟ್ಟಿಯಲ್ಲಿ ಒಂದು ಸಾಲು: ಗಿರಾಕಿ 37, ತಾರೀಖು, 1,840, ಅಂಗಡಿ ಶೃಂಗೇರಿ. ಕೊಪ್ಪದಲ್ಲಿ ಕೂತು ಕೇಳಿದರೂ ಆ ಸಾಲು ಲೆಕ್ಕಕ್ಕೆ ಬರುತ್ತೆ. ದಾಸ್ತಾನಿಗೂ ಹೀಗೇ. ಉಳಿದದ್ದು 14 ಚೀಲ ಅಂತ ಅಳಿಸಿ ಬರೆಯೋದಲ್ಲ. ಬಂದದ್ದು, ಹೋದದ್ದು, ಇಲಿ ತಿಂದದ್ದು, ಕೊಪ್ಪದಿಂದ ನರಸಿಂಹರಾಜಪುರಕ್ಕೆ ಕಳಿಸಿದ್ದು ಒಂದೊಂದೂ ಒಂದು ಸಾಲು.

ರೈತರಿಗೆ ಬೇಕಾದ್ದು ಈಗ ಹೇಳುವ ಪಟ್ಟಿ. ಪ್ರತಿ ರೈತ ತಂದ ಕಾಳಿಗೆ ಒಂದು ಲಾಟ್ ನಂಬರ್. ಲಾಟಿನ ಸಾಲಿನಲ್ಲಿ ರೈತನ ನಂಬರ್, ಸಾಮಾನು, ತಂದ ತಾರೀಖು, ತೂಕ. ಚೀಲದ ಬಾಯಿಗೆ ಅದೇ ನಂಬರಿನ ಬಟ್ಟೆ ಚೀಟಿ ಹೊಲಿದಿರುತ್ತೆ. ಬಿಲ್ಲಿನ ಸಾಲಿನಲ್ಲಿ ಸಾಮಾನಿನ ಜತೆ ಯಾವ ಲಾಟಿನ ಚೀಲದಿಂದ ಅಳೆದದ್ದು ಅಂತ ಸೇರಿಸಿದೆವು. ಬಿಲ್ ಮಾಡೋ ಹುಡುಗರಿಗೆ ಇದು ಹೆಚ್ಚಿನ ಕೆಲಸ, ಗೊಣಗಿದರು. ಒಂದು ಮಳೆಗಾಲದಲ್ಲಿ ನರಸಿಂಹರಾಜಪುರದ ಗಿರಾಕಿಯೊಬ್ಬರು ಹುರುಳಿಯಲ್ಲಿ ಹುಳ ಅಂತ ವಾಪಸ್ ತಂದರು. ಮೊದಲಾಗಿದ್ದರೆ ಅಂಗಡಿಯ ಹುರುಳಿ ಪೂರಾ ಅನುಮಾನ, ಎಂಟು ಮನೆಯವರ ಮಾಲು ಮೂಲೆ ಸೇರೋದು. ಈ ಸಲ ಬಿಲ್ಲಿನಿಂದ ಲಾಟ್, ಲಾಟಿನಿಂದ ರೈತ ಸಿಕ್ಕಿತು. ಅದೇ ಲಾಟಿನ ಎರಡು ಚೀಲ ಶೃಂಗೇರಿಯಲ್ಲಿ ಇರೋದೂ ಗೊತ್ತಾಯಿತು. ಅಷ್ಟನ್ನೇ ತೆಗೆದು ಬಿಸಿಲು ಸಿಗುವ ನಮ್ಮೂರಿಗೆ ಕಳಿಸಿ ಒಣಗಿಸಿದೆವು. ಉಳಿದ ಏಳು ಮನೆಯವರ ಹುರುಳಿ ಮಾರಾಟ ನಿಲ್ಲಲಿಲ್ಲ. ಗೊಣಗಾಟ ಮಾತ್ರ ನಿಂತಿತು.

ಮೂರು ಅಂಗಡಿಗೆ ಮೂರು ಡೇಟಾಬೇಸ್ ಮಾಡಿಕೊಡ್ತೀವಿ ಅಂತ ಹೇಳಿದವರೂ ಇದ್ದರು. ಬೇಡ. ಪಟ್ಟಿ ಒಂದೇ, ಅದರಲ್ಲಿ ಅಂಗಡಿ ಅನ್ನೋ ಕಲಂ ಇದ್ದರಾಯಿತು. ನಾಲ್ಕನೇ ಅಂಗಡಿ ತೆರೆದರೆ ಅಂಗಡಿಗಳ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚುತ್ತೆ, ಬೇರೆ ಏನೂ ಬದಲಾಗೋದಿಲ್ಲ. ಮಳೆಗಾಲದಲ್ಲಿ ಶೃಂಗೇರಿ ಕಡೆ ಲೈನ್ ಇಲ್ಲದ ದಿನಗಳು ಬೇಕಾದಷ್ಟು. ಅಂಥ ದಿನ ಅಂಗಡಿಯಲ್ಲೇ ಬಿಲ್ ಬರೆದುಕೊಂಡು ಲೈನ್ ಬಂದ ಮೇಲೆ ಸೇರಿಸಬೇಕು. ಆಗ ಎರಡು ಅಂಗಡಿಯ ಬಿಲ್ 412 ಒಂದಕ್ಕೊಂದು ಡಿಕ್ಕಿ ಹೊಡೆಯಬಾರದಲ್ಲ? ಗ್ರಾಮದ ಹೆಸರು, ಸರ್ವೆ ನಂಬರ್ ಸೇರಿಸಿದ ಹಾಗೆ ಅಂಗಡಿ, ಬಿಲ್ ನಂಬರ್ ಎರಡೂ ಸೇರಿ ಕೀ. ಕೊ-412 ಬೇರೆ, ಶೃ-412 ಬೇರೆ.

ಬಿಲ್ ಅರ್ಧದಲ್ಲಿ ಕರೆಂಟ್ ಹೋದರೆ? ಮೇಲಿನ ಪಟ್ಟಿಗೆ ಬಿಲ್ ಹತ್ತಿದೆ, ಕೆಳಗಿನ ಸಾಲು ಹತ್ತಿಲ್ಲ ಅಂತಾದರೆ ಲೆಕ್ಕ ಕುಂಟುತ್ತೆ. ಒಳ್ಳೇ ಡೇಟಾಬೇಸಿನಲ್ಲಿ ಇದಕ್ಕೆ 'ಟ್ರಾನ್ಸಾಕ್ಷನ್' ಅನ್ನೋ ಏರ್ಪಾಡು ಇರುತ್ತೆ. ಬಿಲ್ಲಿನ ಎಲ್ಲಾ ಸಾಲೂ ಹತ್ತಿದರೆ ಮಾತ್ರ ಬಿಲ್, ಒಂದು ಹತ್ತದಿದ್ದರೂ ಯಾವುದೂ ಇಲ್ಲ. ಮಾಡಿಸುವಾಗ ಇದನ್ನು ಬಾಯಿಬಿಟ್ಟು ಕೇಳಿ. ಪಟ್ಟಿಯಲ್ಲಿ ಇಲ್ಲದ ಗಿರಾಕಿ ನಂಬರಿಗೆ ಬಿಲ್ ಬರೆಯೋಕೆ ಹೋದರೆ ಕಂಪ್ಯೂಟರ್ ತಡೆಯಬೇಕು, ಅದನ್ನೂ ಕೇಳಿ. ಬಿಲ್ ಇರುವ ಗಿರಾಕಿಯನ್ನು ಅಳಿಸೋಕೂ ಬಿಡಬಾರದು. ನಮ್ಮ ಗುಂಪು ಬಿಟ್ಟುಹೋದ ರೈತರ ಸಾಲನ್ನು ನಾವು ಅಳಿಸಿಲ್ಲ, 'ಚಾಲ್ತಿ ಇಲ್ಲ' ಅಂತ ಗುರುತು ಹಾಕಿದ್ದೇವೆ. ಅವರ ಹಳೇ ಲಾಟುಗಳ ಲೆಕ್ಕ ಮುಂದೆ ಬೇಕಾಗುತ್ತೆ.

ಸಾಫ್ಟ್‌ವೇರಿಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಲಿಬ್ರೆಆಫೀಸಿನ ಬೇಸ್, ಎಸ್‌ಕ್ಯುಲೈಟ್ ಇವೆಲ್ಲ ದುಡ್ಡಿಲ್ಲದೆ ಸಿಗುತ್ತವೆ. ಒಂದು ಅಂಗಡಿ, ಒಂದು ಕಂಪ್ಯೂಟರಿಗೆ ಅವು ಧಾರಾಳ. ಮೂರು ಕಡೆಯಿಂದ ಒಟ್ಟಿಗೆ ಬರೆಯಬೇಕಾದರೆ ಮೈಎಸ್‌ಕ್ಯುಎಲ್ ಥರದ್ದು ಬೇಕು, ಅದಕ್ಕೆ ಗೊತ್ತಿದ್ದವರ ಸಹಾಯವೂ ಬೇಕು. ಆದರೆ ಹಾಳೆ ಮೇಲಿನ ಪಟ್ಟಿಗಳನ್ನು ಅವರ ಕೈಗೆ ಬಿಡಬೇಡಿ. ಕಾಳು ಹೇಗೆ ಬರುತ್ತೆ, ಉದ್ರಿ ಹೇಗೆ ತೀರುತ್ತೆ ಅನ್ನೋದು ಅವರಿಗೇನು ಗೊತ್ತು?

ಕಂಪ್ಯೂಟರಿಗೆ ಹೋಗುವ ಮುಂಚೆ ಹತ್ತು ದಿನದ ಹಳೇ ಬಿಲ್ಲುಗಳನ್ನು ಹಾಳೆ ಮೇಲಿನ ಪಟ್ಟಿಗಳಿಗೆ ಪೆನ್ಸಿಲ್ಲಿನಲ್ಲೇ ತುಂಬಿ ನೋಡಿ. ನಮಗೆ ವಾಪಸ್ ಬಂದ ಕಾಳಿಗೆ ಜಾಗ ಬೇಕು ಅಂತ ಗೊತ್ತಾದದ್ದು ಆಗ. ಹಳೇ ಬಾಕಿಗಳನ್ನು ಒಂದು ತಾರೀಖು ಗೊತ್ತು ಮಾಡಿ, ಗಿರಾಕಿಯನ್ನೇ ಕೂರಿಸಿಕೊಂಡು ಒಪ್ಪಿಸಿ, 'ಹಿಂದಿನ ಬಾಕಿ' ಅಂತ ಒಂದು ಬಿಲ್ಲಾಗಿ ಸೇರಿಸಿ. ಇದಕ್ಕೆ ನಮಗೆ ಒಂದೂವರೆ ತಿಂಗಳು ಬೇಕಾಯಿತು. ದಿನಾ ರಾತ್ರಿ ಬಾಗಿಲು ಹಾಕುವಾಗ ಪೂರ್ತಿ ಲೆಕ್ಕದ ನಕಲು ಪೆನ್‌ಡ್ರೈವಿಗೆ ಹೋಗುತ್ತೆ. ತಿಂಗಳಿಗೊಮ್ಮೆ ನಾನು ಅದನ್ನು ಊರಿಗೆ ಒಯ್ದು, ತಮ್ಮನ ಮಗಳ ಕಂಪ್ಯೂಟರಿನಲ್ಲಿ ತೆರೆಸಿ, ಯಾವುದಾದರೂ ಐದು ಬಿಲ್ಲನ್ನು ಕಾಗದದ ಬಿಲ್ಲಿನ ಜತೆ ತಾಳೆ ನೋಡ್ತೇನೆ.