ಅಣಕವಾಡೂ ಗ್ರಂಥಸ್ವಾಮ್ಯವೂ

ಬಲ್ಲ ಹಾಡಿನ ಧಾಟಿಗೆ ಹೊಸ ಮಾತು ಹೊಂದಿಸಿ ಹಾಡುವುದು ಕನ್ನಡಿಗರಿಗೆ ಹೊಸ ವಿದ್ಯೆಯೇನೂ ಅಲ್ಲ. ನಾಟಕ ಕಂಪನಿಗಳ ಹಳೆಯ ಹಾಡಿನ ಪುಸ್ತಕಗಳಲ್ಲಿ, ಇದು ಇಂಥ ಹಾಡಿನ ‘ಮಟ್ಟು’ ಎಂದು ಯಾವ ಸಂಕೋಚವೂ ಇಲ್ಲದೆ ಅಚ್ಚು ಹಾಕುತ್ತಿದ್ದರು. ಟಿ. ಪಿ. ಕೈಲಾಸಂ ಅವರ ‘ತಿಪ್ಪಾರಳ್ಳಿ’ಯ ಹಾಡನ್ನು ಕೇಳದವರು ವಿರಳ. ಅದರ ಧಾಟಿ 1912ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಮೊದಲನೆಯ ಮಹಾಯುದ್ಧದ ಸಿಪಾಯಿಗಳ ಬಾಯಲ್ಲಿ ಹಬ್ಬಿದ ‘ಟಿಪ್ಪರೆರಿ’ ಹಾಡಿನದು. ಐರ್ಲೆಂಡಿನ ಊರು ನಮ್ಮ ಹಳ್ಳಿಯಾಯಿತು. ಮೂಲವನ್ನು ಹಳಿಯುವ ಉದ್ದೇಶ ಅಲ್ಲಿ ಲವಲೇಶವೂ ಇಲ್ಲ.

ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಇಂಥ ರಚನೆಗಳಲ್ಲಿ ಎರಡು ಜಾತಿಗಳುಂಟು. ಮೂಲಕೃತಿಯನ್ನೇ ಗೇಲಿ ಮಾಡುವುದು ಒಂದು; ಇದು ನಿಜವಾದ ಅಣಕ. ಮೂಲದ ಧಾಟಿಯನ್ನು ಬಂಡಿಯಂತೆ ಬಳಸಿಕೊಂಡು, ಹಾಸ್ಟೆಲಿನ ಸಾರನ್ನೋ ಪರೀಕ್ಷೆಯ ಭೀತಿಯನ್ನೋ ಮೆಚ್ಚಿನ ನಟನ ಸ್ತುತಿಯನ್ನೋ ಅದರಲ್ಲಿ ಹೇರುವುದು ಇನ್ನೊಂದು. ಸಭಿಕರು ಎರಡಕ್ಕೂ ಒಂದೇ ಬಗೆಯಾಗಿ ಚಪ್ಪಾಳೆ ತಟ್ಟುತ್ತಾರೆ. ಕಾನೂನು ಹಾಗೆ ಮಾಡುವುದಿಲ್ಲ.

ನಮ್ಮ ಗ್ರಂಥಸ್ವಾಮ್ಯದ ಕಾಯಿದೆ 1957ರದು. ಜಾರಿಗೆ ಬಂದುದು 1958ರ ಜನವರಿ 21ರಂದು. ಅದರಲ್ಲಿ ಅಣಕದ ಹೆಸರೇ ಇಲ್ಲ. ಇಂಗ್ಲೆಂಡಿನವರು 2014ರಲ್ಲಿ ಆ ಹೆಸರನ್ನೇ ಹಿಡಿದು ವಿನಾಯಿತಿ ಕೊಟ್ಟರು. ನಮ್ಮ ಅಣಕಕಾರನಾದರೋ 52ನೆಯ ಸೆಕ್ಷನ್ನಿನಲ್ಲಿರುವ, ‘ವಿಮರ್ಶೆಗಾಗಿ ನ್ಯಾಯವಾದ ಬಳಕೆ’ ಎಂಬ ಬಾಗಿಲಿನಿಂದಲೇ ಒಳಹೊಗಬೇಕು.

ಹಾಗೆ ಹೊಕ್ಕವರು ಕೇರಳದ ಸಿವಿಕ್ ಚಂದ್ರನ್. ತೋಪ್ಪಿಲ್ ಭಾಸಿಯವರು 1952ರಲ್ಲಿ, ‘ನೀವು ನನ್ನನ್ನು ಕಮ್ಯೂನಿಸ್ಟನನ್ನಾಗಿ ಮಾಡಿದಿರಿ’ ಎಂಬ ಅರ್ಥದ ಹೆಸರಿನ ಮಲಯಾಳಂ ನಾಟಕ ಬರೆದು ನಾಡನ್ನೇ ಅಲುಗಿಸಿದ್ದರು. ನಾಲ್ಕು ದಶಕಗಳ ಮೇಲೆ ಚಂದ್ರನ್, ‘ನೀವು ಯಾರನ್ನು ಮಾಡಿದಿರಿ?’ ಎಂದು ಕೇಳುವ ಪ್ರತಿನಾಟಕವನ್ನು ರಚಿಸಿದರು. ಹಳೆಯ ಪಾತ್ರಗಳೂ ಸಂಭಾಷಣೆಗಳೂ ಅದರಲ್ಲಿ ಧಾರಾಳವಾಗಿಯೇ ಬಂದುವು. ಭಾಸಿಯವರ ವಾರಸುದಾರರು ಮೊಕದ್ದಮೆ ಹೂಡಿದರು. 1996ರಲ್ಲಿ ಕೇರಳದ ಹೈಕೋರ್ಟು ಮೂರು ಸಂಗತಿಗಳನ್ನು ತೂಗಿ ನೋಡಿತು: ಮಾಡಿದ ಟೀಕೆಗೆ ಹೋಲಿಸಿದರೆ ತೆಗೆದುಕೊಂಡುದು ಎಷ್ಟು, ಯಾವ ಉದ್ದೇಶಕ್ಕೆ, ಹೊಸದು ಹಳೆಯದರ ಗಿರಾಕಿಗಳನ್ನು ಕಸಿಯುವುದೇ. ಟೀಕೆಯೇ ಉದ್ದೇಶವೆಂದು ಕಂಡುದರಿಂದ ತೀರ್ಪು ಚಂದ್ರನ್ ಅವರ ಕಡೆಗಾಯಿತು. ಅಮೆರಿಕದ ಸುಪ್ರೀಂ ಕೋರ್ಟೂ 1994ರಲ್ಲಿ, ರಾಯ್ ಆರ್ಬಿಸನ್ನರ ಹಾಡೊಂದರ ಅಣಕವನ್ನು ಕುರಿತು, ಮೂಲವನ್ನೇ ಕೆಣಕುವವನಿಗೆ ಎರವಲು ಅನಿವಾರ್ಯ, ಬೇರೇನನ್ನೋ ಹೇಳುವವನು ತನ್ನ ಎರವಲಿಗೆ ಕಾರಣ ತೋರಿಸಬೇಕು ಎಂಬ ಅಭಿಪ್ರಾಯವನ್ನಿತ್ತಿತು.

ಇದು ವಿಚಿತ್ರವೆಂದೇ ನನಗೆ ತೋರುತ್ತದೆ. ಹಾಡನ್ನು ಹಂಗಿಸುವವನಿಗೆ ಆಸರೆಯುಂಟು. ಪ್ರೀತಿಯಿಂದ ಧಾಟಿಯನ್ನು ಎತ್ತಿಕೊಂಡವನಿಗೆ ಇಲ್ಲ! ‘ತಿಪ್ಪಾರಳ್ಳಿ’ಯಂಥದನ್ನು ಇಂದಿನ ಸಿನಿಮಾ ಹಾಡಿನ ಧಾಟಿಯಲ್ಲಿ ಬರೆದು ಮಾರಾಟಕ್ಕಿಟ್ಟರೆ, ಬರೆದವನು ಕಷ್ಟಕ್ಕೆ ಸಿಕ್ಕಿಬೀಳಬಹುದು. ಸಾಹಿತ್ಯವನ್ನೆಲ್ಲ ಬದಲಾಯಿಸಿದೆನಲ್ಲ ಎಂದರೆ ಸಾಲದು. ಮಾತಿಗೊಂದು ಹಕ್ಕು, ಸ್ವರಕ್ಕೊಂದು ಹಕ್ಕು, ಧ್ವನಿಮುದ್ರಣಕ್ಕೆ ಮತ್ತೊಂದು.

ಅವಧಿಯ ಮಾತು ಸುಲಭ. ಕವಿ ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ 60 ವರ್ಷ. 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀ. ಅವರ ಕವಿತೆಗಳನ್ನು ಇಂದು ಯಾರೂ ಬಳಸಬಹುದು. ಬೇಂದ್ರೆಯವರವು 2041ರ ಕೊನೆಯವರೆಗೆ, ಕುವೆಂಪು ಅವರವು 2054ರ ಕೊನೆಯವರೆಗೆ ರಕ್ಷಿತ. ಛಂದಸ್ಸಿಗೆ ಮಾತ್ರ ಒಡೆಯರಿಲ್ಲ. ಪರೀಕ್ಷೆಯ ಪಾಡನ್ನು ಭಾಮಿನಿ ಷಟ್ಪದಿಯಲ್ಲಿ ತೋಡಿಕೊಳ್ಳಲು ಯಾರಪ್ಪಣೆಯೂ ಬೇಡ.

ಕಾಲೇಜಿನ ವಾರ್ಷಿಕೋತ್ಸವದ ಗತಿಯೇನು? ವಿದ್ಯಾಸಂಸ್ಥೆಯ ಚಟುವಟಿಕೆಯ ಅಂಗವಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಾಡಿ ಆಡುವುದಕ್ಕೆ ಅದೇ 52ನೆಯ ಸೆಕ್ಷನ್ನಿನಲ್ಲಿ ವಿನಾಯಿತಿಯಿದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಮೊಕದ್ದಮೆಯಲ್ಲಿ, ಮಣಿಪಾಲದ ಸಂಸ್ಥೆಯ ಮೇಲಿನ ತಡೆಯಾಜ್ಞೆಯನ್ನು 2009ರಲ್ಲಿ ಬಹುಮಟ್ಟಿಗೆ ಎತ್ತಿಹಿಡಿದ ಸುಪ್ರೀಂ ಕೋರ್ಟು, ಈ ಉಪವಿಧಿಯ ಮಿತಿಯೊಳಗಿನ ಪ್ರಯೋಗಕ್ಕೆ ಆ ಆಜ್ಞೆ ಅನ್ವಯಿಸದೆಂದು ಸ್ಪಷ್ಟಪಡಿಸಿತು. ಆದರೆ ಅದೇ ಹಾಡನ್ನು ಮೊಬೈಲಿನಲ್ಲಿ ಸೆರೆಹಿಡಿದು ಲೋಕಕ್ಕೆಲ್ಲ ಹಂಚಿದರೆ ಅದು ಕಾಲೇಜಿನ ಚಟುವಟಿಕೆಯಾಗಿ ಉಳಿಯುವುದು ಕಷ್ಟ. ಹಂಚುವ ಆಸೆಯುಳ್ಳ ಮಿತ್ರರು ಮೊದಲು ಒಂದು ಕಾಗದ ಬರೆಯಲಿ. ಸಿನಿಮಾ ಹಾಡಾದರೆ ಹಕ್ಕು ಸಾಮಾನ್ಯವಾಗಿ ಆಡಿಯೋ ಕಂಪನಿಯದು. ಅದರ ವಿಳಾಸಕ್ಕೆ ಬರೆದು, ಹೊಸ ಸಾಹಿತ್ಯದ ಪ್ರತಿಯೊಂದನ್ನು ಜೊತೆಗಿಟ್ಟರೆ ಕೆಲಸ ನಡೆದೀತು.