ಬಚ್ಚಲಮನೆ ಕೆಮಿಸ್ಟ್ರಿ: ಆಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಬೇಡ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ಗಡಸು ನೀರಿನ ಪರಿಚಯ ಮಾಡಿಕೊಡಬೇಕಿಲ್ಲ. ಸಿದ್ದಾಪುರದಂಥ ಊರುಗಳಲ್ಲಿ ಬೋರ್ ನೀರು ಬಿದ್ದ ಬಕೆಟ್, ನಲ್ಲಿ, ಟೈಲ್ಸ್ ಎಲ್ಲಕ್ಕೂ ಬಿಳಿ ಪೊರೆ ಕಟ್ಟುತ್ತೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸೋಪಿಗೆ ಬಗ್ಗಲ್ಲ, ಆಸಿಡ್‌ಗೆ ಬಗ್ಗುತ್ತೆ. ಅದಕ್ಕೇ ಮನೆಮನೆಯಲ್ಲೂ ಒಂದು ಆಸಿಡ್ ಬಾಟಲಿ. ಅಲ್ಲಿಗೇ ನಿಂತರೆ ಮೂಗು ಉರಿಸುವ ಹಬೆ ಮಾತ್ರ. ಆದರೆ "ಇನ್ನೂ ಬೆಳ್ಳಗಾಗಲಿ" ಅಂತ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸ್ತಾರಲ್ಲ, ಅಪಾಯ ಅಲ್ಲಿದೆ. ಹೈಡ್ರೊಕ್ಲೋರಿಕ್ ಆಮ್ಲ ತಾಗಿದ ಕೂಡಲೇ ಅದರೊಳಗಿನ ಕ್ಲೋರಿನ್ ಅನಿಲವಾಗಿ ಹೊರಬರುತ್ತೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪರ್ ಹತ್ತಿರ ಜರ್ಮನ್ ಸೈನ್ಯ ಬಿಟ್ಟಿದ್ದೂ ಇದೇ ಅನಿಲವನ್ನು.

ಎಷ್ಟು ಪುಡಿ ಸಾಕು? ಲೆಕ್ಕ ಹಾಕೋಣ. 4 ಅಡಿ ಅಗಲ, 5 ಅಡಿ ಉದ್ದ, 7 ಅಡಿ ಎತ್ತರದ ಬಚ್ಚಲಲ್ಲಿ ಸುಮಾರು 4000 ಲೀಟರ್ ಗಾಳಿ ಇರುತ್ತೆ. ಜೀವಕ್ಕೆ ತಕ್ಷಣದ ಅಪಾಯ ಅಂತ ಅಮೆರಿಕದ ನಿಯೋಶ್ ಸಂಸ್ಥೆ ಗುರುತಿಸಿರುವ ಮಟ್ಟ 10 ಪಿಪಿಎಂ. ಅಂದರೆ ಇಲ್ಲಿ ಬರೀ 40 ಮಿಲಿಲೀಟರ್ ಕ್ಲೋರಿನ್, ತೂಕದಲ್ಲಿ ಸುಮಾರು 0.12 ಗ್ರಾಂ. ಪುಡಿಯಲ್ಲಿ ಶೇ. 30 ಕ್ಲೋರಿನ್ ಸಿಗುತ್ತೆ ಅಂತ ಹಿಡಿದರೆ 0.4 ಗ್ರಾಂ ಪುಡಿ. ಒಂದು ಚಿಟಿಕೆ! ನಾವು ಹಾಕೋದು ಹಿಡಿಗಟ್ಟಲೆ. ಬಾಗಿಲು ಮುಚ್ಚಿದ್ದು, ಎಲ್ಲ ಕ್ಲೋರಿನ್ನೂ ಹೊರಬಂದರೆ ಅನ್ನೋ ಲೆಕ್ಕ ಇದು, ನಿಜ. ಆದರೆ ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲದ ಹತ್ತಿರವೇ ನಿಲ್ಲುತ್ತೆ. ಕುಕ್ಕರುಗಾಲಲ್ಲಿ ಕೂತು ಉಜ್ಜುವವರ ಮೂಗೂ ಅಲ್ಲೇ ಇರುತ್ತೆ.

ಒಳಗೆ ಹೋದ ಕ್ಲೋರಿನ್ ಕಣ್ಣು, ಗಂಟಲು, ಶ್ವಾಸನಾಳದ ತೇವದ ಜೊತೆ ಸೇರಿ ಆಮ್ಲವಾಗುತ್ತೆ. ಉರಿ, ಕೆಮ್ಮು, ಎದೆ ಬಿಗಿತ ಶುರು. ಹೆಚ್ಚು ಕುಡಿದಿದ್ದರೆ ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹಾಗಾಗಿ "ಈಗ ಆರಾಮಿದೀನಿ" ಅನ್ನೋ ಮಾತನ್ನು ನಂಬಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಆಸ್ತಮಾ ಇದ್ದವರನ್ನಂತೂ ಕೂಡಲೇ.

ಬೆರೆಸದೆ ಬಳಸಿದರೂ ದೀರ್ಘಕಾಲದ ಪರಿಣಾಮ ಇದ್ದೇ ಇದೆ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರು 6000ಕ್ಕೂ ಹೆಚ್ಚು ಜನರ 20 ವರ್ಷಗಳ ಮಾಹಿತಿ ನೋಡಿ 2018ರಲ್ಲಿ ಪ್ರಕಟಿಸಿದರು: ಮನೆ ಶುಚಿ ಮಾಡುವ ಹೆಂಗಸರ ಶ್ವಾಸಕೋಶದ ಸಾಮರ್ಥ್ಯ ಉಳಿದ ಹೆಂಗಸರಿಗಿಂತ ಬೇಗ ಕುಗ್ಗಿತ್ತು. ನಮ್ಮ ಹಾಸ್ಟೆಲ್ ತೊಳೆಯುವ ಅಕ್ಕಂದಿರಿಗೆ ಇದು ದಿನಾ ಎರಡು ಹೊತ್ತಿನ ಕೆಲಸ. ಮಾಸ್ಕ್ ಕೊಟ್ಟರೂ ಬಟ್ಟೆ ಮಾಸ್ಕ್ ಅನಿಲ ತಡೆಯಲ್ಲ.

ಬಿಳಿ ಪೊರೆಗೆ ನಿಂಬೆಹುಳಿ ಇಲ್ಲವೇ ವಿನೆಗರ್ ಹಚ್ಚಿ ಅರ್ಧ ಗಂಟೆ ಬಿಡಿ, ಹೋಗುತ್ತೆ. ಇವೂ ಆಮ್ಲವೇ, ಬ್ಲೀಚಿಂಗ್ ಜೊತೆ ಇವೂ ಸೇರಬಾರದು. ಬ್ಲೀಚಿಂಗ್ ಬೇಕೇಬೇಕಾದರೆ ಇನ್ನೊಂದು ದಿನ, ಚೆನ್ನಾಗಿ ನೀರು ಹೊಡೆದ ಮೇಲೆ, ಬಾಗಿಲು ತೆಗೆದಿಟ್ಟು ಹಾಕಿ. ಅಕಸ್ಮಾತ್ ಬೆರೆತು ಘಾಟು ಎದ್ದರೆ ತೊಳೆಯೋಕೆ ನಿಲ್ಲದೆ ಹೊರಗೆ ಬನ್ನಿ, ಕಣ್ಣಿಗೆ 15 ನಿಮಿಷ ತಣ್ಣೀರು ಹಾಕಿ.